ಮುಯ್ಯಿ ಕ್ಲಿಕ್ಕು

ಮದುವೆ ಛತ್ರದಲ್ಲಿ ಊಟದ ಹಾಲ್‌ಗೆ ಹೋಗುವ ದಾರಿಯಲ್ಲೊಂದು ಮೇಜು ಇರುತ್ತಿತ್ತು. ಅದರ ಹಿಂದೆ ಅಕ್ಷರ ದುಂಡಗಿರುವ ಒಬ್ಬ ಸೋದರಮಾವ, ಮುಂದೆ ಉದ್ದನೆಯ ನೋಟ್‌ಬುಕ್ಕು. ಕವರು ಕೊಟ್ಟವರ ಹೆಸರು, ಊರು, ಮೊತ್ತ. ಮುಯ್ಯಿ ಬರೆದ ಆ ಪುಸ್ತಕವನ್ನು ಮನೆಯವರು ವರ್ಷಗಟ್ಟಲೆ ಬೀರುವಿನಲ್ಲಿ ಜೋಪಾನ ಮಾಡುತ್ತಿದ್ದರು. ನಾಳೆ ಅವರ ಮನೆಯಲ್ಲಿ ಶುಭಕಾರ್ಯವಾದಾಗ ತೆಗೆದು ನೋಡಬೇಕಲ್ಲ. 2008ರ ಸುಮಾರಿಗೆ ಬೆಂಗಳೂರಿನಲ್ಲಿ ಕೂತು ಕನ್ನಡದಲ್ಲಿ ಬ್ಲಾಗು ಬರೆಯುತ್ತಿದ್ದ ನಮ್ಮಂಥವರ ನಡುವೆಯೂ ಹೀಗೇ ಒಂದು ಲೆಕ್ಕವಿತ್ತು. ಪುಸ್ತಕ ಇರಲಿಲ್ಲ, ಅಷ್ಟೆ. ನನ್ನ ಲೇಖನಕ್ಕೆ ನೀವು ‘ಚೆನ್ನಾಗಿದೆ’ ಎಂದರೆ ನಿಮ್ಮ ಕವನಕ್ಕೆ ನಾನು ‘ಮನ ಮುಟ್ಟಿತು’ ಎನ್ನಬೇಕು. ಎರಡು ವಾರ ಆ ಕಡೆ ತಲೆ ಹಾಕದಿದ್ದರೆ ‘ಏನ್ ಸಾರ್, ಮರೆತೇಬಿಟ್ರಾ’ ಎಂಬ ಆಕ್ಷೇಪಣೆ.

ಈ ಮುಯ್ಯಿಗೆ ದುಡ್ಡು ಅಂಟಿಕೊಂಡಿದ್ದು ನನಗೆ ಗೊತ್ತಾದದ್ದು ಗೂಗಲ್‌ನ ಹರಟೆಕಟ್ಟೆಯಾಗಿದ್ದ ಜಿ-ಟಾಕ್‌ನಲ್ಲಿ. ವಿಜಯನಗರದ ಗೆಳೆಯನೊಬ್ಬ ಬರೆದಿದ್ದ: ‘ನಮ್ ಬ್ಲಾಗ್‌ಗೆ ಹೋದಾಗ ಬಲಗಡೆ ಜಾಹೀರಾತು ಕಾಣತ್ತೆ. ದಿನಕ್ಕೊಂದ್ ಸಲ ಅದನ್ನ ಒತ್ಬಿಡಿ. ನಿಮ್ದೇನೂ ಹೋಗಲ್ಲ.’

ನಮ್ಮದೇನೂ ಹೋಗುತ್ತಿರಲಿಲ್ಲ, ಅದು ನಿಜವೇ. ಹೋಗುತ್ತಿದ್ದುದು ಇನ್ಯಾರದೋ. ಮನೆ ಸಾಮಾನು ಸಾಗಿಸುವ ಒಬ್ಬ ಸಣ್ಣ ವ್ಯಾಪಾರಿ ದಿನಕ್ಕೆ 500 ರೂಪಾಯಿ ಜಾಹೀರಾತಿಗೆ ಇಟ್ಟಿದ್ದಾನೆ, ಒಂದು ಕ್ಲಿಕ್ಕಿಗೆ 20 ರೂಪಾಯಿ ಬೀಳುತ್ತದೆ ಎಂದಿಟ್ಟುಕೊಳ್ಳಿ. ನಮ್ಮಂಥ 25 ಜನ ಸ್ನೇಹಕ್ಕೆಂದು ಒತ್ತಿದರೆ ಬೆಳಗಿನ ಕಾಫಿ ಆರುವುದರೊಳಗೆ ಅವನ ಅಂದಿನ ದುಡ್ಡು ಖಾಲಿ. ಮಧ್ಯಾಹ್ನ ನಿಜಕ್ಕೂ ಮನೆ ಖಾಲಿ ಮಾಡಬೇಕಾದವರು ಹುಡುಕಿದಾಗ ಅವನ ಹೆಸರೇ ಬರುವುದಿಲ್ಲ. ಆ ವ್ಯಾಪಾರಿಯ ಮುಖ ನಮಗೆ ಕಾಣುತ್ತಿರಲಿಲ್ಲ, ಗೆಳೆಯನ ಮುಖ ಕಾಣುತ್ತಿತ್ತು. ದಾಕ್ಷಿಣ್ಯ ಕೆಲಸ ಮಾಡುವುದೇ ಹಾಗೆ.

ಕೇಳದೆ ಬರುವ ಸಂದೇಶದ, ಅಂದರೆ ಸ್ಪ್ಯಾಮಿನ ಕತೆ ಇದಕ್ಕಿಂತ ಬಹಳ ಹಳೆಯದು. 1978ರ ಮೇ 3ರಂದು ಅಮೆರಿಕದ ಡಿಇಸಿ ಎಂಬ ಕಂಪ್ಯೂಟರ್ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಎಂಬಾತ ಇಂಟರ್‌ನೆಟ್ಟಿನ ಪೂರ್ವಜನಾದ ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಂದೇ ಏಟಿಗೆ ಜಾಹೀರಾತು ಕಳಿಸಿದ. ಬೈಗುಳ ತಿಂದ, ಆದರೆ ಯಂತ್ರಗಳೂ ಮಾರಾಟವಾದವು. ಸ್ಪ್ಯಾಮ್ ಇಂದಿಗೂ ಸಾಯದಿರಲು ಆ ಎರಡನೆಯ ಸಂಗತಿಯೇ ಕಾರಣ. 1994ರ ಏಪ್ರಿಲ್‌ನಲ್ಲಿ ಅರಿಜೋನಾದ ಇಬ್ಬರು ವಕೀಲರು, ಗಂಡ ಹೆಂಡತಿ, ಗ್ರೀನ್ ಕಾರ್ಡ್ ಲಾಟರಿಗೆ ಅರ್ಜಿ ಹಾಕಿಸಿಕೊಡುತ್ತೇವೆಂದು ಯೂಸ್‌ನೆಟ್ ಎಂಬ ಚರ್ಚಾ ಜಾಲದ ಸಾವಿರಾರು ಗುಂಪುಗಳಿಗೆ ಒಂದೇ ಜಾಹೀರಾತು ಸುರಿದರು. (ಗ್ರೀನ್ ಕಾರ್ಡಿನ ಆಸೆ ಎಂಥದ್ದೆಂದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.) ಅದೇ ವರ್ಷದ ಅಕ್ಟೋಬರ್‌ನಲ್ಲಿ ಹಾಟ್‌ವೈರ್ಡ್ ಎಂಬ ತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಬ್ಯಾನರ್ ಜಾಹೀರಾತು ಬಂತು. ನೋಡಿದ ನೂರರಲ್ಲಿ 44 ಜನ ಅದನ್ನು ಒತ್ತಿದ್ದರು ಎಂಬ ಲೆಕ್ಕವನ್ನು ಜಾಹೀರಾತಿನವರು ಇವತ್ತಿಗೂ ನಿಟ್ಟುಸಿರಿಟ್ಟು ಹೇಳುತ್ತಾರೆ. ಈಗ ನೂರು ಜನರಲ್ಲಿ ಒಬ್ಬ ಒತ್ತಿದರೆ ಪುಣ್ಯ.

ನಮ್ಮೂರು ಆಗಿನ್ನೂ ಕಣ್ಣು ಬಿಡುತ್ತಿತ್ತು. ಆಗಿನ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ಕ್ಕೆ. ಮರುವರ್ಷ ಬ್ರಿಗೇಡ್ ರಸ್ತೆಯಲ್ಲಿ ಕಾಫಿಯ ಜೊತೆ ಇಂಟರ್‌ನೆಟ್ಟನ್ನೂ ಗಂಟೆ ಲೆಕ್ಕದಲ್ಲಿ ಮಾರುವ ಅಂಗಡಿ ತೆರೆಯಿತು. ಆಮೇಲೆ ಕ್ರಾಸಿಗೊಂದು ಸೈಬರ್ ಸೆಂಟರ್. ‘ಬರಹ’, ‘ನುಡಿ’ ಎಂಬ ತಂತ್ರಾಂಶಗಳು ಬಂದು ಕನ್ನಡ ಟೈಪ್ ಮಾಡುವುದು ಕೈಗೆಟುಕಿತು. ಯೂನಿಕೋಡ್ ಬಳಕೆಗೆ ಬಂದಮೇಲೆ ಬರೆದದ್ದು ಇನ್ನೊಬ್ಬರ ಪರದೆಯಲ್ಲೂ ಚೌಕ ಚೌಕವಾಗದೆ ಅಕ್ಷರವಾಗಿಯೇ ಕಾಣತೊಡಗಿತು. ಬ್ಲಾಗು ತೆರೆಯಲು ಬ್ಲಾಗರ್ ಎಂಬ ಪುಕ್ಕಟೆ ತಾಣವಿತ್ತು. ಸಾಫ್ಟ್‌ವೇರಿನವರು, ಮೇಷ್ಟ್ರುಗಳು, ಪತ್ರಕರ್ತರು, ಬ್ಯಾಂಕಿನಿಂದ ನಿವೃತ್ತರಾದವರು, ಎಲ್ಲರೂ ಬರೆಯತೊಡಗಿದರು.

ದುಡ್ಡಿನ ದಾರಿ ತೆರೆದದ್ದು 2003. ಆ ವರ್ಷದ ಫೆಬ್ರವರಿಯಲ್ಲಿ ಗೂಗಲ್ ಬ್ಲಾಗರ್ ಕಂಪನಿಯನ್ನು ಕೊಂಡಿತು. ಜೂನ್‌ನಲ್ಲಿ ಗೂಗಲ್‌ನದೇ ಆದ, ಯಾರು ಬೇಕಾದರೂ ತಮ್ಮ ಪುಟದಲ್ಲಿ ಜಾಹೀರಾತು ಅಂಟಿಸಿಕೊಳ್ಳಬಹುದಾದ ಆ್ಯಡ್‌ಸೆನ್ಸ್ ಬಂತು. ಅಲ್ಲಿಯವರೆಗೆ ಜಾಹೀರಾತು ಎಂದರೆ ಪತ್ರಿಕೆಯ ಕಚೇರಿಗೆ ಹೋಗಿ ಮಾತಾಡಿ ಒಪ್ಪಿಸುವ ವ್ಯವಹಾರ. ಈಗ ನಾಲ್ಕು ಸಾಲು ಕೋಡ್ ತಂದು ಅಂಟಿಸಿದರೆ ಆಯಿತು. ಆದರೆ ದುಡ್ಡು ಬೀಳುತ್ತಿದ್ದುದು ಓದಿದ್ದಕ್ಕಲ್ಲ, ಒತ್ತಿದ್ದಕ್ಕೆ. ಆಮೇಲಿನ ರಾದ್ಧಾಂತವೆಲ್ಲ ಈ ಒಂದು ನಿಯಮದ ಸುತ್ತಲೇ. ಒಂದು ವರ್ಷವೂ ಕಳೆದಿರಲಿಲ್ಲ, 2004ರ ಮೇ ತಿಂಗಳಲ್ಲಿ ಟೈಮ್ಸ್ ಆಫ್ ಇಂಡಿಯಾ ಒಂದು ವರದಿ ಮಾಡಿತು: ಮನೆಯಲ್ಲಿ ಕೂತು ಜಾಹೀರಾತು ಒತ್ತಿ ಡಾಲರ್ ಲೆಕ್ಕದಲ್ಲಿ ಸಂಪಾದಿಸುವ ಗೃಹಿಣಿಯರು, ಪದವೀಧರರು ನಮ್ಮ ದೇಶದಲ್ಲಿ ಹುಟ್ಟಿಕೊಂಡಿದ್ದಾರೆ ಎಂದು.

ಇನ್ನೊಂದು ಕಡೆ ಕಾಮೆಂಟುಗಳ ಹಾವಳಿ. ಹುಡುಕಿದಾಗ ಯಾವ ಪುಟ ಮೇಲೆ ಬರಬೇಕೆಂದು ತೀರ್ಮಾನಿಸಲು, ಒಂದು ಪುಟಕ್ಕೆ ಎಷ್ಟು ಕಡೆಯಿಂದ ಲಿಂಕು ಇದೆ ಎಂಬುದನ್ನು ಗೂಗಲ್ ಓಟಿನ ಹಾಗೆ ಎಣಿಸುತ್ತಿತ್ತು. ಹಾಗಿದ್ದಮೇಲೆ ಊರವರ ಬ್ಲಾಗಿನ ಕೆಳಗೆಲ್ಲ ನಮ್ಮ ಲಿಂಕು ಮೆತ್ತಿದರಾಯಿತಲ್ಲ, ಗೋಡೆಗೆ ‘ಮೂಲವ್ಯಾಧಿಗೆ ಸಂಪರ್ಕಿಸಿ’ ಪೋಸ್ಟರ್ ಮೆತ್ತಿದಂತೆ. ಅಜ್ಜಿ ತೀರಿಕೊಂಡ ಬಗ್ಗೆ ನಾನೊಂದು ಬರೆದಿದ್ದೆ. ಅದರ ಕೆಳಗಿನ ಮೊದಲ ಪ್ರತಿಕ್ರಿಯೆ: ‘ಗ್ರೇಟ್ ಇನ್ಫರ್ಮೇಷನ್, ಕೀಪ್ ಇಟ್ ಅಪ್, ಪ್ಲೀಸ್ ವಿಸಿಟ್ ಮೈ ಬ್ಲಾಗ್’. ಜೊತೆಗೆ ಕೂದಲು ಉದುರುವುದನ್ನು ನಿಲ್ಲಿಸುವ ಎಣ್ಣೆಯ ಕೊಂಡಿ. ಅಮ್ಮನಿಗೆ ಓದಿ ಹೇಳಿದೆ. ‘ಅಜ್ಜಿಗೆ ಕೊನೇವರೆಗೂ ಕೂದಲು ಚೆನ್ನಾಗೇ ಇತ್ತಲ್ಲೋ’ ಎಂದಳು.

ಇದಕ್ಕೆ ಮದ್ದುಗಳು ಒಂದರ ಹಿಂದೊಂದು ಬಂದವು. 2005ರ ಜನವರಿಯಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮೂವರೂ ಒಟ್ಟಾಗಿ ‘ನೋಫಾಲೋ’ ಎಂಬ ಗುರುತು ತಂದರು. ಅದು ಅಂಟಿದ ಲಿಂಕು ಓಟಿನ ಎಣಿಕೆಗೆ ಬರುತ್ತಿರಲಿಲ್ಲ. ಲಾಭವಿಲ್ಲ ಎಂದು ಗೊತ್ತಾದರೆ ಬಿಟ್ಟಾರು ಎಂಬ ಆಸೆ. ಅವರು ಬಿಡಲಿಲ್ಲ, ಸಾವಿರ ಕಡೆ ಮೆತ್ತಲು ಖರ್ಚೇ ಇಲ್ಲದಿರುವಾಗ ಲಾಭದ ಲೆಕ್ಕ ಯಾರಿಗೆ ಬೇಕು? ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ಲಾಗರ್‌ನಂಥದ್ದೇ ಆದ ವರ್ಡ್‌ಪ್ರೆಸ್ ಕಡೆಯವರು ಅಕಿಸ್ಮೆಟ್ ಎಂಬ ಸ್ಪ್ಯಾಮ್ ಜರಡಿ ಬಿಟ್ಟರು. ಸಾವಿರಾರು ಬ್ಲಾಗುಗಳಿಗೆ ಬರುವ ಕಸವನ್ನು ಒಂದೇ ಕಡೆ ನೋಡುವುದರಿಂದ ಒಬ್ಬರ ಮನೆಯಲ್ಲಿ ಸಿಕ್ಕಿಬಿದ್ದ ಕಳ್ಳ ಎಲ್ಲರ ಮನೆಯಲ್ಲೂ ಸಿಕ್ಕಿಬಿದ್ದಂತೆ. ಈ ಸಾಲಿನಲ್ಲಿ ನಿಜಕ್ಕೂ ಕೆಲಸ ಮಾಡಿದ್ದು ಅದೇ ಎಂದು ನನ್ನ ಅಭಿಪ್ರಾಯ.

ಬ್ಲಾಗರ್ ಬಳಸುತ್ತಿದ್ದ ನಮಗೆ ಸಿಕ್ಕಿದ್ದು ವರ್ಡ್ ವೆರಿಫಿಕೇಶನ್. ಸೊಟ್ಟಪಟ್ಟ ಇಂಗ್ಲಿಷ್ ಅಕ್ಷರ ತೋರಿಸಿ, ನೀನು ಮನುಷ್ಯನೇ ಆಗಿದ್ದರೆ ಇದನ್ನು ಓದಿ ಟೈಪ್ ಮಾಡು ಎನ್ನುವ ಪರೀಕ್ಷೆ. ಕಷ್ಟಪಟ್ಟು ಬರಹದಲ್ಲಿ ನಾಲ್ಕು ಸಾಲು ಕನ್ನಡ ಟೈಪಿಸಿದ ಹಿರಿಯರು ಇಲ್ಲಿಗೆ ಬಂದು ಮುಗ್ಗರಿಸುತ್ತಿದ್ದರು. ಭಾಷೆ ಇಂಗ್ಲಿಷಿಗೆ ಬದಲಿಸಿಕೊಳ್ಳುವಷ್ಟರಲ್ಲಿ ಬರೆದದ್ದೆಲ್ಲ ಮಾಯ. ‘ದಯವಿಟ್ಟು ವರ್ಡ್ ವೆರಿಫಿಕೇಶನ್ ತೆಗೆಯಿರಿ ಸಾರ್’ ಎಂಬುದು ಕನ್ನಡ ಬ್ಲಾಗುಗಳಲ್ಲಿ ನಾನು ಅತಿ ಹೆಚ್ಚು ಓದಿದ ವಾಕ್ಯವಿರಬೇಕು. ತಮಾಷೆಯೆಂದರೆ ಸ್ಪ್ಯಾಮಿನವರಿಗೆ ಅದು ತಡೆಯೇ ಆಗಿರಲಿಲ್ಲ. ಆ ಸೊಟ್ಟ ಅಕ್ಷರಗಳನ್ನು ಓದಿ ಟೈಪ್ ಮಾಡಲು ಅವರು ಕೂಲಿಗೆ ಜನರನ್ನೇ ಹಿಡಿದಿದ್ದರು. ಭಾರತ, ಬಾಂಗ್ಲಾದೇಶ, ಚೀನಾದಲ್ಲಿ ಸಾವಿರ ಪದಕ್ಕೆ 80 ಸೆಂಟಿನಿಂದ 1 ಡಾಲರ್ 20 ಸೆಂಟ್‌ವರೆಗೆ ಕೂಲಿ ಎಂದು 2010ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಪರೀಕ್ಷೆ ಕೇಳಿದ್ದು ಮನುಷ್ಯನೇ ಎಂದು ಮಾತ್ರ, ಮನುಷ್ಯನೇ ಕೂತಿದ್ದ.

ವಿಜಯನಗರದ ಗೆಳೆಯನಿಗೆ ಬರುತ್ತೇನೆ. ಆ್ಯಡ್‌ಸೆನ್ಸ್‌ಗೆ ಆಗ ಕನ್ನಡ ಗೊತ್ತಿರಲಿಲ್ಲ. ಹಿಂದಿಗೇ ಅವಕಾಶ ಸಿಕ್ಕಿದ್ದು 2014ರ ಡಿಸೆಂಬರ್‌ನಲ್ಲಿ. ಕನ್ನಡದ ಸರದಿ ಬರಲು ಇನ್ನೂ ವರ್ಷಗಳು ಹಿಡಿದವು. ಹಾಗಾಗಿ ಅವನು ಮೊದಲು ಅಡುಗೆ ಬಗ್ಗೆ ಒಂದು ಇಂಗ್ಲಿಷ್ ಬ್ಲಾಗು ಮಾಡಿ, ಅದಕ್ಕೆ ಒಪ್ಪಿಗೆ ಪಡೆದು, ಆ ಕೋಡನ್ನು ಕನ್ನಡದ ಬ್ಲಾಗಿಗೆ ತಂದು ಹಾಕಿದ್ದ. ಇದು ಅವನೊಬ್ಬನ ಉಪಾಯವಲ್ಲ, ಅನೇಕರು ಮಾಡುತ್ತಿದ್ದದ್ದೇ. ಜಾಹೀರಾತುಗಳು ಬರಹಕ್ಕೆ ಸಂಬಂಧವಿಲ್ಲದೆ ಬೀಳುತ್ತಿದ್ದವು. ತೇಜಸ್ವಿಯವರ ಕಾಡಿನ ಬಗ್ಗೆ ಬರೆದರೆ ಪಕ್ಕದಲ್ಲಿ ಅಮೆರಿಕದ ಮನೆಸಾಲ.

ಹತ್ತು ಡಾಲರ್ ಆದಾಗ ಮನೆ ವಿಳಾಸಕ್ಕೆ ಅಂಚೆಯಲ್ಲಿ ಒಂದು ಪಿನ್ ನಂಬರ್ ಬರುತ್ತದೆ. ಅವನಿಗೆ ಬಂದ ದಿನ ಆ ಕಾಗದವನ್ನು ದೇವರ ಮುಂದಿಟ್ಟು ಬಂದೆ ಎಂದು ನಗುತ್ತ ಹೇಳಿದ್ದ. ಅದು ಪೂರ್ತಿ ತಮಾಷೆಯಾಗಿರಲಿಲ್ಲ ಅಂತ ನನಗನ್ನಿಸುತ್ತದೆ. ನೂರು ಡಾಲರ್ ಮುಟ್ಟಿದರೆ ಚೆಕ್ಕು. ಆಗಿನ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿಯ ಮೇಲೆ. ಒಂದು ವರ್ಷ ತೆವಳಿ ತೆವಳಿ 80 ದಾಟಿತು. ಕೊನೆಯ ಇಪ್ಪತ್ತಕ್ಕೆ ಅವನಿಗೆ ತಡೆಯಲಾಗಲಿಲ್ಲ. ನಮಗೆಲ್ಲ ಹೇಳಿದ್ದು ಆಗಲೇ. ಆಫೀಸಿನಲ್ಲಿ ಅವನ ಟೀಮಿನವರು ಊಟಕ್ಕೆ ಏಳುವ ಮುಂಚೆ ಸಾಲಾಗಿ ಒಂದೊಂದು ಕ್ಲಿಕ್ ಮಾಡಿ ಏಳುತ್ತಿದ್ದರಂತೆ. ಒಂದು ವಾರ. ಚೆಕ್ಕಿನ ಬದಲು ಬಂದದ್ದು ಖಾತೆ ರದ್ದಾದ ಇ-ಮೇಲು.

ಹೇಗೆ ಗೊತ್ತಾಯಿತು ಎಂದು ಅವನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ. ಗೊತ್ತಾಗದೇ ಇರುವುದೇ ಕಷ್ಟ. ಇಡೀ ಆಫೀಸು ಹೊರಗೆ ಹೋಗುವುದು ಒಂದೇ ಐಪಿ ವಿಳಾಸದಿಂದ, ಅಂದರೆ ಇಂಟರ್‌ನೆಟ್ಟಿನಲ್ಲಿ ಒಂದೇ ಮನೆ ನಂಬರಿನಿಂದ. ನೂರು ಜನ ನೋಡಿದ ಕಡೆ ಒಬ್ಬರು ಒತ್ತಬೇಕಾದಲ್ಲಿ ಮೂವತ್ತು ಜನ ಒತ್ತುತ್ತಾರೆ, ಅದೂ ಮಧ್ಯಾಹ್ನ ಒಂದೂಕಾಲಿಗೆ, ಸೋಮವಾರದಿಂದ ಶುಕ್ರವಾರದವರೆಗೆ. ಒತ್ತಿದವರು ಆ ಪುಟದಲ್ಲಿ ಎರಡು ಸೆಕೆಂಡ್ ನಿಲ್ಲುವುದಿಲ್ಲ. ನಿಯಮದಲ್ಲೂ ಮುಚ್ಚುಮರೆ ಇರಲಿಲ್ಲ: ನಿನ್ನ ಜಾಹೀರಾತನ್ನು ನೀನು ಒತ್ತಬೇಡ, ಒತ್ತಿ ಎಂದು ಯಾರನ್ನೂ ಕೇಳಬೇಡ.

ಇಷ್ಟು ಬಿಗಿ ಯಾಕೆಂದರೆ ಆ ಹೊತ್ತಿಗೆ ಜಾಹೀರಾತು ಕೊಡುವವರು ಸಿಟ್ಟಾಗಿದ್ದರು. ಸುಳ್ಳು ಕ್ಲಿಕ್ಕುಗಳಿಗೆ ನಮ್ಮಿಂದ ದುಡ್ಡು ಕಿತ್ತಿದ್ದೀರಿ ಎಂದು ಅರ್ಕಾನ್ಸಾಸ್‌ನ ಒಂದು ಉಡುಗೊರೆ ಅಂಗಡಿ ಹೂಡಿದ ಮೊಕದ್ದಮೆಯನ್ನು ಗೂಗಲ್ 2006ರಲ್ಲಿ 9 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತ್ತು. ಅದೇ ವರ್ಷ ಕ್ಲಿಕ್‌ಬಾಟ್ ಎಂಬ ಕುತಂತ್ರಾಂಶ ಲಕ್ಷದಷ್ಟು ಕಂಪ್ಯೂಟರ್‌ಗಳಲ್ಲಿ ಹೊಕ್ಕು, ಅವುಗಳ ಒಡೆಯರಿಗೆ ಗೊತ್ತಿಲ್ಲದಂತೆ ಜಾಹೀರಾತು ಒತ್ತುತ್ತಿತ್ತು. ಅಂಥ ದೊಡ್ಡ ಮೀನಿಗೆ ಬೀಸಿದ ಬಲೆಯಲ್ಲಿ ನಮ್ಮ ಗೆಳೆಯನಂಥ ಸೀಗಡಿಗಳೂ ಬಿದ್ದವು. ಅವನದು ತಪ್ಪಲ್ಲ ಎನ್ನಲಾರೆ. ಆದರೆ ಅವನಿಗೆ ಅದು ಮೋಸ ಅನ್ನಿಸಿರಲೇ ಇಲ್ಲ. ಸ್ನೇಹಿತರ ಹತ್ತಿರ ಸಣ್ಣ ಸಹಾಯ ಕೇಳಿದ್ದ, ಅಷ್ಟೆ. ಅಪರಿಚಿತನನ್ನು ಹಿಡಿಯಲು ಕಟ್ಟಿದ ಜರಡಿಗಳು ನೂರಿದ್ದವು. ಪರಿಚಿತನಿಗೆ ‘ಆಗಲ್ಲ ಮಾರಾಯ’ ಎನ್ನಲು ನಮ್ಮ ಬಳಿ ಏನೂ ಇರಲಿಲ್ಲ. ನಾನೂ ಮೂರು ಸಲ ಒತ್ತಿದ್ದೆ. ಅದನ್ನು ಅವನಿಗೆ ಹೇಳಿಯೂ ಇದ್ದೆ, ಮುಯ್ಯಿ ಬರೆಸಿದ ಹಾಗೆ.

ಕಾನೂನಿನ ಕತೆ ಚಿಕ್ಕದು. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ತಿದ್ದುಪಡಿಯಾಗಿ 2009ರಲ್ಲಿ ಜಾರಿಗೆ ಬಂದ 66ಎ ವಿಧಿಯ ಒಂದು ಭಾಗ, ಎಲ್ಲಿಂದ ಬಂತೆಂದು ಮರೆಮಾಚಿ ಕಿರಿಕಿರಿ ಮಾಡುವ ಇ-ಮೇಲನ್ನು ಅಪರಾಧ ಎಂದಿತ್ತು. ಆ ವಿಧಿ ಸ್ಪ್ಯಾಮಿಗಿಂತ ಹೆಚ್ಚಾಗಿ ಫೇಸ್‌ಬುಕ್ಕಿನಲ್ಲಿ ಬರೆದವರನ್ನು ಹಿಡಿಯಲು ಬಳಕೆಯಾಗಿ, 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು.

ಅಷ್ಟರಲ್ಲಿ ‘ನಿಮ್ದೇನೂ ಹೋಗಲ್ಲ’ ಎಂಬ ಮಾತನ್ನು ಬೇರೆಯವರು ಎತ್ತಿಕೊಂಡಿದ್ದರು, ಸ್ವಲ್ಪ ತಿದ್ದಿಕೊಂಡು: ‘ಒತ್ತಿ, ನಿಮಗೇ ಬರತ್ತೆ’. ನೋಯ್ಡಾದ ಸೋಷಿಯಲ್ ಟ್ರೇಡ್ ಎಂಬ ಜಾಲದಲ್ಲಿ 5,750ರಿಂದ 57,500 ರೂಪಾಯಿವರೆಗೆ ಕಟ್ಟಿ ಸೇರಿದರೆ ಒಂದು ಕ್ಲಿಕ್ಕಿಗೆ 5 ರೂಪಾಯಿ ಕೊಡುತ್ತಿದ್ದರು. ಹೊಸಬರು ಕಟ್ಟಿದ್ದೇ ಹಳಬರ ಸಂಬಳ. 2017ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಪೊಲೀಸರು ಹಿಡಿದಾಗ ಲೆಕ್ಕ 3,700 ಕೋಟಿ ಎಂದರು, ಸೇರಿದ್ದವರು ಆರು ಲಕ್ಷಕ್ಕೂ ಮೇಲೆ. ಆಮೇಲೆ ಟೆಲಿಗ್ರಾಮ್ ಬಂತು. ಯೂಟ್ಯೂಬ್ ವಿಡಿಯೊಗೆ ಲೈಕ್ ಒತ್ತಿ, ಸ್ಕ್ರೀನ್‌ಶಾಟ್ ಕಳಿಸಿ. ಮೊದಲ ದಿನ 150 ರೂಪಾಯಿ ನಿಜವಾಗಿಯೂ ಖಾತೆಗೆ ಬೀಳುತ್ತದೆ. ಮೂರನೆಯ ದಿನ ‘ಪ್ರೀಪೇಯ್ಡ್ ಟಾಸ್ಕ್’, ಅಂದರೆ ಮೊದಲು ನೀವೇ ದುಡ್ಡು ಕಟ್ಟಿ ಮಾಡಬೇಕಾದ ಕೆಲಸ. ವಾಟ್ಸ್ಯಾಪ್, ಟೆಲಿಗ್ರಾಮ್‌ನಲ್ಲಿ ದಿನದ ಲಾಭದ ಆಸೆ ಹುಟ್ಟಿಸಿ ದೇಶದ ತುಂಬ ಹಣ ಎತ್ತಿದ 854 ಕೋಟಿಯ ಜಾಲವೊಂದನ್ನು 2023ರಲ್ಲಿ ಬೆಂಗಳೂರು ಪೊಲೀಸರು ಭೇದಿಸಿದಾಗ, ಮುಟ್ಟುಗೋಲಿಗೆ ಸಿಕ್ಕಿದ್ದು 5 ಕೋಟಿ. ಕಳಕೊಂಡವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಆದಷ್ಟು ಬೇಗ. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರಿ ದೂರ ಹೋಗಿರುತ್ತದೆ.

ಆ್ಯಡ್‌ಸೆನ್ಸ್ ಮಾತ್ರ 2024ರ ಆರಂಭದಿಂದ ಒತ್ತಿದ್ದಕ್ಕೆ ದುಡ್ಡು ಕೊಡುವ ಪದ್ಧತಿಯನ್ನೇ ಬಿಟ್ಟು, ಜಾಹೀರಾತು ಎಷ್ಟು ಸಲ ಕಾಣಿಸಿತು ಎಂಬ ಲೆಕ್ಕಕ್ಕೆ ಹೊರಳಿತು. ವಿಜಯನಗರದ ಗೆಳೆಯನಿಗೆ ಈ ಸುದ್ದಿ ಕಳಿಸಿದೆ. ‘ಹದಿನಾರು ವರ್ಷ ಲೇಟು’ ಎಂದು ಉತ್ತರಿಸಿದ.

ಹೋದ ತಿಂಗಳು ಅವನ ಅಣ್ಣನ ಮಗಳ ಮದುವೆ, ನಾಗರಬಾವಿ ಕಡೆಯ ಛತ್ರದಲ್ಲಿ. ಊಟದ ಹಾಲ್‌ನ ದಾರಿಯಲ್ಲಿ ಮೇಜೇನೋ ಇತ್ತು, ನೋಟ್‌ಬುಕ್ ಇರಲಿಲ್ಲ. ಲ್ಯಾಮಿನೇಟ್ ಮಾಡಿಸಿದ ಎರಡು ಕ್ಯೂಆರ್ ಕೋಡ್ ನಿಲ್ಲಿಸಿದ್ದರು. ಒಂದು ಮುಯ್ಯಿಗೆ. ಇನ್ನೊಂದನ್ನು ಹುಡುಗಿಯ ತಮ್ಮ ಎತ್ತಿ ತೋರಿಸಿದ, ಅವನ ಬೈಕ್ ಪ್ರವಾಸದ ಯೂಟ್ಯೂಬ್ ಚಾನೆಲ್ಲು. ಜಾಹೀರಾತಿನ ಪಾಲು ಸಿಗಲು ಸಾವಿರ ಸಬ್‌ಸ್ಕ್ರೈಬರ್ ಬೇಕಂತೆ, 870 ಆಗಿದ್ದಾರಂತೆ. ‘ಒಂದ್ ಸಬ್‌ಸ್ಕ್ರೈಬ್ ಮಾಡ್ಬಿಡಿ ಅಂಕಲ್, ನಿಮ್ದೇನೂ ಹೋಗಲ್ಲ.’ ನನ್ನ ಹಿಂದೆ ಸಾಲಿನಲ್ಲಿ ಗೆಳೆಯ ನಿಂತಿದ್ದ. ನಾನು ತಿರುಗಿ ನೋಡಲಿಲ್ಲ, ಫೋನ್ ತೆಗೆದು ಎರಡಕ್ಕೂ ಹಿಡಿದೆ.