ಇಮ್ಯೂನಿಟಿ ಜಾಸ್ತಿ ಆದ್ರೆ ಏನಾಗತ್ತೆ?

ಕೋವಿಡ್ ಬಂದು ಹೋದ್ಮೇಲೆ ನಮ್ಮಲ್ಲಿ ಇಮ್ಯೂನಿಟಿ ಅನ್ನೋದು ಅಂಗಡೀಲಿ ಸಿಗೋ ಸಾಮಾನಾಗ್ಬಿಟ್ಟಿದೆ. ಕಷಾಯದ ಪುಡಿ, ಝಿಂಕ್ ಮಾತ್ರೆ, ಅಮೃತಬಳ್ಳಿ ಜ್ಯೂಸ್, ಮಕ್ಕಳ ಹಾಲಿಗೆ ಹಾಕೋ ಪುಡಿ, ಎಲ್ಲದರ ಡಬ್ಬಿ ಮೇಲೂ ಬೂಸ್ಟ್ ಮಾಡುತ್ತೆ ಅಂತ ಬರ್ದಿರ್ತಾರೆ. ಜಾಸ್ತಿ ಆದಷ್ಟೂ ಒಳ್ಳೇದೇ ಅಲ್ವಾ ಅನ್ನೋ ಲೆಕ್ಕ. ಇದನ್ನ ಕೇಳಿದಾಗೆಲ್ಲ ನಂಗೆ 1993ರಲ್ಲಿ ವರದಿಯಾದ ಒಂದು ಕೇಸ್ ನೆನಪಾಗತ್ತೆ. ಲ್ಯಾಬ್‌ನಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಮನುಷ್ಯ, ತನಗಿದ್ದ ಗಡ್ಡೆಗೆ ತಾನೇ ಔಷಧಿ ಮಾಡ್ಕೋತೀನಿ ಅಂತ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಹೊರಪದರದಿಂದ ತೆಗೆದ ಎಂಡೋಟಾಕ್ಸಿನ್ ಅನ್ನೋ ವಸ್ತುವನ್ನ 1 ಮಿಲಿಗ್ರಾಂ ಚುಚ್ಕೊಂಡ. (ಈ ಹುಚ್ಚಿಗೂ ಒಂದು ಇತಿಹಾಸ ಇದೆ, 1890ರ ದಶಕದಲ್ಲೇ ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ ಕ್ಯಾನ್ಸರ್ ರೋಗಿಗಳಿಗೆ ಬ್ಯಾಕ್ಟೀರಿಯಾ ಚುಚ್ಚಿ ನೋಡ್ತಿದ್ದ.) ಒಳಗೆ ಹೋಗಿದ್ರಲ್ಲಿ ಜೀವಂತ ಬ್ಯಾಕ್ಟೀರಿಯಾ ಒಂದೂ ಇರ್ಲಿಲ್ಲ, ಆದ್ರೂ ಬಿಪಿ ಕುಸೀತು, ಅಂಗಾಂಗಗಳು ಕೈಕೊಡೋಕೆ ಶುರುವಾಯ್ತು, ಸೆಪ್ಸಿಸ್‌ನಲ್ಲಿ ಏನೇನಾಗತ್ತೋ ಅದೆಲ್ಲ ಆಯ್ತು. ಪುಣ್ಯಕ್ಕೆ ಬದುಕ್ಕೊಂಡ. ಅವನನ್ನ ಆ ಸ್ಥಿತಿಗೆ ತಂದಿದ್ದು ಅವನದೇ ಇಮ್ಯೂನಿಟಿ.

ಸೆಪ್ಸಿಸ್ ಅಂದ್ರೆ ರಕ್ತದಲ್ಲಿ ವಿಷ ಸೇರ್ಕೊಳ್ಳೋದು ಅಂತಾನೇ ಈಗ್ಲೂ ಸುಮಾರು ಜನ ಅಂದ್ಕೊಂಡಿದ್ದಾರೆ. ಗಾಯ ಆದಾಗ ಬದನೆಕಾಯಿ ತಿಂದ್ರೆ ನಂಜಾಗತ್ತೆ ಅಂತ ಪಥ್ಯ ಮಾಡ್ಸೋರೂ ಇದ್ದಾರೆ, ಬದನೆಕಾಯಿ ಪಾಪ ಏನೂ ಮಾಡಲ್ಲ. 2016ರಲ್ಲಿ ತಜ್ಞರು ಕೂತು ಒಪ್ಕೊಂಡ ಅರ್ಥ ಏನಂದ್ರೆ, ಸೋಂಕಿಗೆ ದೇಹ ಕೊಡೋ ಪ್ರತಿಕ್ರಿಯೆ ಹಿಡಿತ ತಪ್ಪಿ ತನ್ನದೇ ಅಂಗಗಳನ್ನ ಹಾಳುಮಾಡೋ ಸ್ಥಿತಿ. 2017ರ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಒಂದೇ ವರ್ಷಕ್ಕೆ ಸುಮಾರು 4.89 ಕೋಟಿ ಜನಕ್ಕೆ ಸೆಪ್ಸಿಸ್, 1.1 ಕೋಟಿ ಸಾವು. ಅಂದ್ರೆ ಆ ವರ್ಷ ಸತ್ತ ಐದು ಜನರಲ್ಲಿ ಹತ್ತಿರತ್ತಿರ ಒಬ್ಬರು.

ಈಗ ಕಾಲಿಗೆ ಮುಳ್ಳು ಚುಚ್ಚಿದ್ದನ್ನೇ ತಗೊಳ್ಳಿ. ಅಲ್ಲಿರೋ ಮ್ಯಾಕ್ರೋಫೇಜ್ ಅನ್ನೋ ಕಾವಲು ಜೀವಕೋಶ ಬ್ಯಾಕ್ಟೀರಿಯಾದ ತುಣುಕನ್ನ ಗುರುತು ಹಿಡಿದು ಟಿಎನ್‌ಎಫ್, ಇಂಟರ್‌ಲ್ಯೂಕಿನ್ ಅಂತೆಲ್ಲ ಸಿಗ್ನಲ್ ಬಿಡತ್ತೆ. ಅದು ತಾಕಿದ ಕೂಡ್ಲೇ ಪಕ್ಕದ ಸಣ್ಣ ರಕ್ತನಾಳ ಹಿಗ್ಗತ್ತೆ, ಅದರ ಗೋಡೆಯ ಜೀವಕೋಶಗಳ ನಡುವಿನ ಸಂದಿ ಸಡಿಲ ಆಗತ್ತೆ, ಆ ಸಂದೀಲಿ ನೀರು ಹೊರಗೆ ಜಿನುಗತ್ತೆ, ಹಿಂದೇನೇ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ನುಸುಳಿ ಹೊರಗೆ ಬರ್ತವೆ, ಅದೇ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬ್ಯಾಕ್ಟೀರಿಯಾ ಮುಂದೆ ಹೋಗದ ಹಾಗೆ ದಾರಿ ಕಟ್ಟತ್ತೆ. ಕೆಂಪಗಾಗೋದು, ಬಿಸಿ, ಊತ, ನೋವು, ಎಲ್ಲ ಇದ್ರಿಂದಾನೇ. ಒಂದು ಇಂಚು ಜಾಗದಲ್ಲಿ ನಡೆದ್ರೆ ಇಷ್ಟು ಒಳ್ಳೆ ವ್ಯವಸ್ಥೆ ಇನ್ನೊಂದಿಲ್ಲ. ಸಕಲೇಶಪುರದ ಕಡೆ ಗದ್ದೆಗೆ ಆನೆ ಇಳಿದ್ರೆ ಆ ಊರಿನವರು ಪಟಾಕಿ ಹೊಡೆದು ಕೂಗಾಡಿ ಓಡಿಸ್ತಾರೆ, ಒಂದಿಷ್ಟು ಪೈರು ಅವರ ಕಾಲಡೀಲೂ ಹೋಗತ್ತೆ, ಪರವಾಗಿಲ್ಲ. ಅದೇ ಒಂದೇ ರಾತ್ರಿ ಇಡೀ ತಾಲ್ಲೂಕಿನ ಪ್ರತಿ ಊರಲ್ಲೂ ಜನ ಪಂಜು ಹಿಡ್ಕೊಂಡು ಗದ್ದೆಗೆ ನುಗ್ಗಿದ್ರೆ? ಆನೆ ಎಲ್ಲಿದೆ ಅಂತ್ಲೇ ಗೊತ್ತಾಗಲ್ಲ, ಬೆಳೆ ಮಾತ್ರ ಎಲ್ಲ ಕಡೆ ನೆಲಸಮ.

ಸೆಪ್ಸಿಸ್‌ನಲ್ಲಿ ಆಗೋದು ಇದೇ. ದೇಹದ ತುಂಬ ರಕ್ತನಾಳ ಒಟ್ಟಿಗೆ ಹಿಗ್ಗಿದ್ರೆ ಬಿಪಿ ಬೀಳತ್ತೆ, ಎಲ್ಲ ಕಡೆ ಜಿನುಗಿದ್ರೆ ನಾಳದೊಳಗೆ ಇರಬೇಕಾದ ನೀರು ಶ್ವಾಸಕೋಶಕ್ಕೂ ಚರ್ಮದಡಿಗೂ ಹೋಗಿ ಕೂತ್ಕೊಳತ್ತೆ, ಕೈಕಾಲು ಊದಿರತ್ತೆ ಆದ್ರೆ ಕಿಡ್ನಿಗೆ ಹೋಗೋಕೆ ರಕ್ತ ಸಾಲಲ್ಲ. ಸಣ್ಣ ನಾಳಗಳಲ್ಲೆಲ್ಲ ಹೆಪ್ಪು ಕಟ್ಟಿ ಕಟ್ಟಿ ಕೊನೆಗೆ ಹೆಪ್ಪುಗಟ್ಟಿಸೋ ಸರಕೇ ಖಾಲಿಯಾಗತ್ತೆ, ಆಮೇಲೆ ಸೂಜಿ ಚುಚ್ಚಿದ ಜಾಗದಲ್ಲೂ ರಕ್ತ ನಿಲ್ಲಲ್ಲ. ಹೆಪ್ಪೂ ರಕ್ತಸ್ರಾವವೂ ಒಂದೇ ಮನುಷ್ಯನಲ್ಲಿ ಒಟ್ಟಿಗೆ!

ಇದರ ಮೊದಲ ಸುಳಿವು ಸಿಕ್ಕಿದ್ದು 1892ರಲ್ಲಿ, ಜರ್ಮನಿಯ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಕ್‌ನ ಶಿಷ್ಯ ರಿಚರ್ಡ್ ಫೈಫರ್‌ಗೆ. ಕಾಯಿಸಿ ಸಾಯಿಸಿದ ಕಾಲರಾ ಬ್ಯಾಕ್ಟೀರಿಯಾ ಚುಚ್ಚಿದ್ರೂ ಗಿನಿಪಿಗ್‌ಗಳು ಸಾಯ್ತಿದ್ವು. ಇದು ಬ್ಯಾಕ್ಟೀರಿಯಾದೊಳಗಿನ ವಿಷ ಅಂದ್ಕೊಂಡು ಎಂಡೋಟಾಕ್ಸಿನ್ ಅಂತ ಕರೆದ. ಆದ್ರೆ ವಿಷ ಅಂತಂದ್ರೆ ಅರ್ಧ ಸತ್ಯ, ಯಾಕಂದ್ರೆ ಸಿ3ಎಚ್/ಎಚ್‌ಇಜೆ ಅನ್ನೋ ಒಂದು ತಳಿಯ ಇಲಿಗಳಿಗೆ ಬೇರೆ ಇಲಿಗಳನ್ನ ಕೊಲ್ಲೋವಷ್ಟು ಎಂಡೋಟಾಕ್ಸಿನ್ ಕೊಟ್ರೂ ಆರಾಮಾಗಿರ್ತಿದ್ವು. 1998ರಲ್ಲಿ ಅಮೆರಿಕದ ವಿಜ್ಞಾನಿ ಬ್ರೂಸ್ ಬಾಯ್ಟ್ಲರ್ ತಂಡ ಕಾರಣ ಹಿಡೀತು, ಆ ಇಲಿಗಳಲ್ಲಿ ಟಿಎಲ್‌ಆರ್4 ಅನ್ನೋ ಒಂದೇ ಜೀನ್ ಕೆಟ್ಟಿತ್ತು. ಎಂಡೋಟಾಕ್ಸಿನ್ ಬಂದಿದೆ ಅಂತ ದೇಹಕ್ಕೆ ತಿಳಿಸೋ ರಿಸೆಪ್ಟರೇ ಕೆಲಸ ಮಾಡಲ್ಲ, ಹಾಗಾಗಿ ಸಾವೂ ಇಲ್ಲ. 2011ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ತು. ಹಾಗಂತ ಆ ಇಲಿಗಳೇನು ಅದೃಷ್ಟವಂತರಲ್ಲ, ನಿಜವಾದ ಜೀವಂತ ಸಾಲ್ಮೊನೆಲ್ಲಾ ಬಂದಾಗ ಬೇಗ ಸಾಯೋವೂ ಅವೇ.

ಹಾಗಾದ್ರೆ ಸಿಗ್ನಲ್ಲನ್ನೇ ತಡೆದ್ರಾಯ್ತಲ್ಲ ಅಂತ ಅನ್ಸತ್ತೆ. ಇದೇ ಬಾಯ್ಟ್ಲರ್ ಮತ್ತು ಆಂಥನಿ ಸೆರಾಮಿ 1985ರಲ್ಲಿ ಟಿಎನ್‌ಎಫ್ ತಡೆಯೋ ಆಂಟಿಬಾಡಿಯನ್ನ ಮೊದಲೇ ಕೊಟ್ಟು ಆಮೇಲೆ ಎಂಡೋಟಾಕ್ಸಿನ್ ಚುಚ್ಚಿದಾಗ ಇಲಿಗಳು ಉಳ್ಕೊಂಡ್ವು. 1990ರ ದಶಕದಲ್ಲಿ ಕಂಪನಿಗಳು ಕೋಟಿಗಟ್ಟಲೆ ಸುರಿದು ಸೆಪ್ಸಿಸ್ ರೋಗಿಗಳ ಮೇಲೆ ಪರೀಕ್ಷೆ ಮಾಡಿದ್ವು, ಟುಸ್ ಆಯ್ತು. ಎಂಡೋಟಾಕ್ಸಿನ್ ಕೊಟ್ಟ ಒಂದೂವರೆ ಗಂಟೆಗೆಲ್ಲ ಟಿಎನ್‌ಎಫ್ ತುದಿ ಮುಟ್ಟಿ ಇಳಿಯೋಕೆ ಶುರುವಾಗಿರತ್ತೆ, ಮನುಷ್ಯ ಆಸ್ಪತ್ರೆ ಸೇರೋದು ಯಾವಾಗ್ಲೋ. ಮಜಾ ಏನಂದ್ರೆ ಟಿಎನ್‌ಎಫ್ ತಡೆಯೋ ಇಂಥ ಆಂಟಿಬಾಡಿಗೆ ಬೇರೆ ಕಡೆ ಅದೃಷ್ಟ ಖುಲಾಯಿಸ್ತು. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ಇದನ್ನ ಇಮ್ಯೂನಿಟಿ ಸ್ವಂತ ಕೀಲುಗಳ ಮೇಲೇ ತಿರುಗಿಬೀಳೋ ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಕೊಟ್ಟು ನೋಡಿದ್ರು. ಕೀಲಿನೊಳಗೆ ಟಿಎನ್‌ಎಫ್ ಗಂಟೆಗಳಲ್ಲಿ ಮುಗಿಯಲ್ಲ, ವರ್ಷಗಟ್ಟಲೆ ಉರೀತಾನೇ ಇರತ್ತೆ, ಹಾಗಾಗಿ ತಡೆಯೋಕೆ ಟೈಮ್ ಇದೆ. ಬೆಳಗ್ಗೆ ಎದ್ದು ಬೆರಳು ಮಡಚೋಕೆ ಆಗದೆ ಇದ್ದೋರು ಕಾಫಿ ಲೋಟ ಹಿಡಿಯೋ ಹಾಗಾದ್ರು. ಆದ್ರೆ 2001ರಲ್ಲಿ ಗೊತ್ತಾಗಿದ್ದು, ಈ ಔಷಧಿ ತಗೊಂಡ ಕೆಲವರಲ್ಲಿ ಒಳಗೆ ಮಲಗಿದ್ದ ಟಿಬಿ ಎದ್ಬಿಡತ್ತೆ, ಯಾಕಂದ್ರೆ ಟಿಬಿ ಬ್ಯಾಕ್ಟೀರಿಯಾವನ್ನ ಸುತ್ತುಗಟ್ಟಿ ಕೂರಿಸಿರೋದಕ್ಕೂ ಟಿಎನ್‌ಎಫ್ಫೇ ಬೇಕು. ನಮ್ಮ ದೇಶದಲ್ಲಂತೂ ಟಿಬಿ ಟೆಸ್ಟ್ ಮಾಡದೆ ಇದನ್ನ ಶುರು ಮಾಡೋ ಹಾಗೇ ಇಲ್ಲ.

ಇಮ್ಯೂನಿಟಿ ತಗ್ಗಿಸೋ ಸ್ಟೀರಾಯ್ಡ್ ಕಥೇನೂ ಹೀಗೇ. 2020ರಲ್ಲಿ ಬ್ರಿಟನ್ನಿನ ರಿಕವರಿ ಅನ್ನೋ ಔಷಧಿ ಪರೀಕ್ಷೇಲಿ ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಮೂರನೇ ಒಂದು ಭಾಗ ಕಮ್ಮಿ ಮಾಡ್ತು, ಆಕ್ಸಿಜನ್ನೇ ಬೇಕಿಲ್ಲದವರಿಗೆ ಏನೂ ಲಾಭ ಆಗ್ಲಿಲ್ಲ. ಆದ್ರೂ 2021ರ ಎರಡನೇ ಅಲೇಲಿ ಜ್ವರ ಬಂದ ಮೊದಲ ದಿನಾನೇ ಸ್ಟೀರಾಯ್ಡ್ ನುಂಗಿದವರೆಷ್ಟೋ, ಶುಗರ್ ಏರಿಸ್ಕೊಂಡು ಬ್ಲ್ಯಾಕ್ ಫಂಗಸ್ ಹತ್ತಿಸ್ಕೊಂಡವರೆಷ್ಟೋ. ಬೂಸ್ಟ್ ಮಾಡೋರ ಕಡೆಯಿಂದ್ಲೂ ಎಡವಟ್ಟಾಯ್ತು, ಅಮೃತಬಳ್ಳಿ ಕುಡಿದು ಲಿವರ್ ಕೆಡಿಸ್ಕೊಂಡ ಆರು ಜನರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ಬರೆದ್ರು, ಅದರಲ್ಲಿ ಕಂಡಿದ್ದು ಇಮ್ಯೂನಿಟಿ ಸ್ವಂತ ಲಿವರ್ ಮೇಲೇ ತಿರುಗಿಬಿದ್ದ ಲಕ್ಷಣ. ಆಯುಷ್ ಸಚಿವಾಲಯ ಇದನ್ನ ಒಪ್ಪಲಿಲ್ಲ, ಆದ್ರೆ ನಾನಂತೂ ವೈದ್ಯರ ಕಡೆ.

ಸೆಪ್ಸಿಸ್‌ನ ಇನ್ನೊಂದು ಮುಖದ ಬಗ್ಗೆ ಜಾಸ್ತಿ ಯಾರೂ ಮಾತಾಡಲ್ಲ. ಮೊದಲ ಅಬ್ಬರ ಮುಗಿದ್ಮೇಲೆ ಎಷ್ಟೋ ರೋಗಿಗಳ ಇಮ್ಯೂನಿಟಿ ಸುಸ್ತಾಗಿ ಮಲಗ್ಬಿಡತ್ತೆ, ಎರಡನೇ ವಾರದಲ್ಲಿ ಮಾಮೂಲಿ ಸಣ್ಣಪುಟ್ಟ ಬ್ಯಾಕ್ಟೀರಿಯಾ ಫಂಗಸ್ಸುಗಳೇ ಜೀವ ತೆಗೀತವೆ. ಒಬ್ಬರಿಗೆ ತಗ್ಗಿಸಬೇಕು ಇನ್ನೊಬ್ಬರಿಗೆ ಎಬ್ಬಿಸಬೇಕು, ಹಾಸಿಗೆ ಪಕ್ಕ ನಿಂತ ಡಾಕ್ಟರಿಗೆ ಯಾರು ಯಾವ ಕಡೆ ಅಂತ ಹೇಳೋದೇ ಕಷ್ಟ. ಅದಕ್ಕೇ ಇವತ್ತಿಗೂ ಚಿಕಿತ್ಸೆ ಅಂದ್ರೆ ಮುಖ್ಯವಾಗಿ ಬೇಗ ಆಂಟಿಬಯೋಟಿಕ್, ಸಲೈನ್, ಬಿಪಿ ಏರಿಸೋ ಔಷಧಿ, ಕೀವು ಇದ್ರೆ ತೆಗೆಯೋದು. ಸೆಪ್ಸಿಸ್‌ನಿಂದ ಬಿಪಿ ತೀರಾ ಕುಸಿದ ಸ್ಥಿತಿ, ಅಂದ್ರೆ ಸೆಪ್ಟಿಕ್ ಶಾಕ್‌ನಲ್ಲಿ ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ಹೋಗ್ಬೇಕು ಅಂತಾರೆ. ಮನೇಲಿ ಸೋಂಕು ಆದೋರು ಯಾರಾದ್ರೂ ಇದ್ದಕ್ಕಿದ್ದ ಹಾಗೆ ಏನೇನೋ ಮಾತಾಡೋಕೆ ಶುರುಮಾಡಿದ್ರೆ, ನಿಮಿಷಕ್ಕೆ 22 ಸಲ ಅಥವಾ ಅದಕ್ಕಿಂತ ಜಾಸ್ತಿ ಉಸಿರಾಡ್ತಿದ್ರೆ, ಕೈಕಾಲು ತಣ್ಣಗಾಗಿ ಮೂತ್ರ ಕಮ್ಮಿಯಾದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ವಯಸ್ಸಾದವರಲ್ಲಿ ಜ್ವರಾನೇ ಇಲ್ದೆ ಹೀಗಾಗ್ಬಹುದು.