ಕ್ಲಚ್ ಪ್ಲೇಟ್ ಮನೆಯಲ್ಲೇ ಬದಲಾಯಿಸೋದು: ಸವೆತದ ಲೆಕ್ಕದಿಂದ ಕೇಬಲ್ ಸೆಟ್ಟಿಂಗ್‌ವರೆಗೆ

ಕ್ಲಚ್ ಕೆಲಸ ಅಂದ ತಕ್ಷಣ ಇಂಜಿನ್ ಕೆಳಗಿಳಿಸಬೇಕು ಅಂತ ಹೆದರುವವರು ಜಾಸ್ತಿ. ಹಾಗೇನಿಲ್ಲ. ಬಹಳಷ್ಟು ಬೈಕುಗಳಲ್ಲಿ ಬಲಗಡೆಯ ಕವರ್ ತೆಗೆದರೆ ಕ್ಲಚ್ ಕಣ್ಣೆದುರೇ ಇರುತ್ತದೆ. ಆದರೆ ಪ್ಲೇಟ್ ಯಾಕೆ ಸವೆಯಿತು ಅಂತ ಗೊತ್ತಿಲ್ಲದೆ ಹೊಸದು ಹಾಕಿದರೆ ಅದೂ ಬೇಗನೇ ಹೋಗುತ್ತದೆ, ಅದಕ್ಕೇ ಈ ಟಿಪ್ಪಣಿಯಲ್ಲಿ ಸ್ಪ್ಯಾನರ್ ಹಿಡಿಯುವ ಮುಂಚಿನ ಭಾಗಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಟ್ಟಿದ್ದೇನೆ. ಇಲ್ಲಿ ಹೇಳುತ್ತಿರುವುದು ಇಂಜಿನ್ ಆಯಿಲ್‌ನಲ್ಲೇ ಓಡುವ, ಹಲವು ಪ್ಲೇಟುಗಳ ವೆಟ್ ಕ್ಲಚ್ ಬಗ್ಗೆ.

ಒಳಗೆ ನಡೆಯೋದು ಏನು

ಹೊರಗಡೆ ಒಂದು ಬಾಸ್ಕೆಟ್, ಅದು ಇಂಜಿನ್ ಜೊತೆ ತಿರುಗುತ್ತದೆ. ಅದರ ಒಳಗೆ ಹಬ್, ಅದು ಗೇರ್‌ಬಾಕ್ಸ್ ಶಾಫ್ಟಿಗೆ ಕೂತಿರುತ್ತದೆ. ಘರ್ಷಣೆಯ ಪದರ ಅಂಟಿಸಿದ ಫ್ರಿಕ್ಷನ್ ಪ್ಲೇಟುಗಳ ಕಿವಿಗಳು ಬಾಸ್ಕೆಟ್ಟಿನ ಸೀಳುಗಳಲ್ಲಿ ಕೂರುತ್ತವೆ, ಬರೀ ಸ್ಟೀಲ್ ಪ್ಲೇಟುಗಳ ಹಲ್ಲು ಹಬ್‌ನಲ್ಲಿ ಕೂರುತ್ತವೆ. ಒಂದು ಇದು, ಒಂದು ಅದು, ಹೀಗೆ ಜೋಡಿಸಿ, ಪ್ರೆಷರ್ ಪ್ಲೇಟ್ ಇಟ್ಟು, ನಾಲ್ಕೋ ಐದೋ ಆರೋ ಸ್ಪ್ರಿಂಗ್‌ಗಳು ಇಡೀ ಕಟ್ಟನ್ನು ಒತ್ತಿ ಹಿಡಿದಿರುತ್ತವೆ. ಲಿವರ್ ಹಿಡಿದಾಗ ಆ ಒತ್ತಡ ಬಿಡುತ್ತದೆ, ಪ್ಲೇಟುಗಳು ಸಡಿಲ ಆಗುತ್ತವೆ. ಅಷ್ಟೇ.

ಈಗ ಮುಖ್ಯ ವಿಷಯ. ಪ್ಲೇಟ್ ಸವೆದರೆ ಕ್ಲಚ್ ಸ್ಲಿಪ್ ಆಗೋದು ಯಾಕೆ? ಪದರ ಪೂರ್ತಿ ಹೋಗಿಬಿಟ್ಟಿದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಬಿಚ್ಚಿ ನೋಡಿದರೆ ಪದರ ಇನ್ನೂ ಇರುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ. ಐದು ಫ್ರಿಕ್ಷನ್ ಪ್ಲೇಟುಗಳಿವೆ, ಒಂದೊಂದೂ 0.3 ಮಿ.ಮೀ. ಸವೆದಿದೆ ಅಂದುಕೊಳ್ಳಿ. ಕಟ್ಟಿನ ಒಟ್ಟು ದಪ್ಪ 1.5 ಮಿ.ಮೀ. ಇಳಿಯಿತು. ಅಂದರೆ ಸ್ಪ್ರಿಂಗ್ 1.5 ಮಿ.ಮೀ. ಹಿಗ್ಗಿತು. ಹೊಸದಿದ್ದಾಗ ಆ ಸ್ಪ್ರಿಂಗ್ 10 ಮಿ.ಮೀ. ಅದುಮಿಕೊಂಡು ಕೂತಿತ್ತು ಅಂದರೆ, ಈಗ 8.5 ಮಾತ್ರ. ಒತ್ತುವ ಬಲ ನೂರಕ್ಕೆ ಹದಿನೈದು ಭಾಗ ಹೋಯಿತು! ಅದರ ಮೇಲೆ ಹಳೇ ಸ್ಪ್ರಿಂಗ್ ತಾನೂ ಕುಗ್ಗಿರುತ್ತದೆ. ಬಲ ಕಡಿಮೆ ಆದಾಗ ಪ್ಲೇಟ್ ಜಾರುತ್ತದೆ, ಜಾರಿದರೆ ಬಿಸಿಯಾಗುತ್ತದೆ, ಬಿಸಿಯಾದರೆ ಇನ್ನೂ ಬೇಗ ಸವೆಯುತ್ತದೆ. ಸ್ಲಿಪ್ ಶುರುವಾದ ಮೇಲೆ ಕ್ಲಚ್ ಹಾಳಾಗುವ ವೇಗ ಯಾಕೆ ಏರುತ್ತದೆ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಗಮನಿಸೋದಿಲ್ಲ: ಪ್ಲೇಟ್ ಸವೆದಂತೆ ಲಿವರ್‌ನ ಫ್ರೀ ಪ್ಲೇ, ಅಂದರೆ ಕೇಬಲ್ ಬಿಗಿಯಾಗುವ ಮುಂಚೆ ಲಿವರ್ ಸುಮ್ಮನೆ ಆಡುವ ಅಂತರ, ಕಡಿಮೆ ಆಗುತ್ತಾ ಬರುತ್ತದೆ. ಪೂರ್ತಿ ಇಲ್ಲವಾದರೆ ಕೇಬಲ್ಲೇ ಕ್ಲಚ್ಚನ್ನು ಅರ್ಧ ಹಿಡಿದುಕೊಂಡು ನಿಂತಿರುತ್ತದೆ. ನೀವು ಲಿವರ್ ಮುಟ್ಟದಿದ್ದರೂ ಒಳಗೆ ಪ್ಲೇಟ್ ಜಾರುತ್ತಲೇ ಇರುತ್ತದೆ.

ನಿಜವಾಗಲೂ ಪ್ಲೇಟೇ ಹೋಗಿದೆಯಾ?

ನಾಲ್ಕನೇ ಗೇರಿನಲ್ಲಿ ಮಧ್ಯಮ ವೇಗದಲ್ಲಿ ಹೋಗುತ್ತಾ, ಖಾಲಿ ರಸ್ತೆಯಲ್ಲಿ, ಒಮ್ಮೆಲೇ ಎಕ್ಸಲರೇಟರ್ ಪೂರ್ತಿ ಕೊಡಿ. ಇಂಜಿನ್ ಸದ್ದು ಏರಿ ಬೈಕ್ ಮಾತ್ರ ಮುಂದೆ ಹೋಗದಿದ್ದರೆ ಸ್ಲಿಪ್ ಇದೆ. ಏರು ರಸ್ತೆಯಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ.

ಆದರೂ ತಕ್ಷಣ ಕವರ್ ಬಿಚ್ಚಬೇಡಿ. ಮೊದಲು ಫ್ರೀ ಪ್ಲೇ ನೋಡಿ, ಲಿವರ್ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಇರಬೇಕು. ಆಮೇಲೆ ಆಯಿಲ್ ಯಾವುದು ಅಂತ ನೋಡಿ. ಕಾರಿನ ಕೆಲವು ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ಅಂಶ ಸೇರಿಸಿರುತ್ತಾರೆ, ಅದು ವೆಟ್ ಕ್ಲಚ್ಚಿಗೆ ಆಗಿಬರೋದಿಲ್ಲ. ಡಬ್ಬಿಯ ಮೇಲೆ ಜಾಸೋ (JASO, ಜಪಾನಿನ ವಾಹನ ಮಾನದಂಡ) ಎಂಎ ಅಥವಾ ಎಂಎ2 ಅಂತ ಇರಬೇಕು; ಎಂಬಿ ಅಂತ ಇದ್ದರೆ ಅದು ವೆಟ್ ಕ್ಲಚ್ ಇಲ್ಲದ ಗಾಡಿಗಳಿಗೆ ಸರಿ. ಈ ಎರಡೂ ಸರಿ ಇದ್ದು ಸ್ಲಿಪ್ ಹಾಗೇ ಇದ್ದರೆ ಬಿಚ್ಚೋಣ.

ಲಿವರ್ ಪೂರ್ತಿ ಹಿಡಿದರೂ ಬೈಕ್ ಮುಂದಕ್ಕೆ ಎಳೆಯುವುದು, ನ್ಯೂಟ್ರಲ್ ಸಿಗದೇ ಇರುವುದು ಬೇರೆ ರೋಗ. ಕೇಬಲ್ ಸಡಿಲ, ಸ್ಟೀಲ್ ಪ್ಲೇಟ್ ಸೊಟ್ಟ, ಅಥವಾ ಬಾಸ್ಕೆಟ್ಟಿನಲ್ಲಿ ಕುಳಿ ಬಿದ್ದಿರಬಹುದು.

ಬಿಚ್ಚುವುದು

ಇಂಜಿನ್ ತಣ್ಣಗಿರಲಿ. ಆಯಿಲ್ ಪೂರ್ತಿ ಇಳಿಸಿಬಿಡಿ, ಸವೆದ ಪುಡಿ ಎಲ್ಲ ಅದರಲ್ಲೇ ಇರುತ್ತದೆ, ಮತ್ತೆ ಬಳಸಬಾರದು. ಬೈಕ್ ಸೈಡ್ ಸ್ಟ್ಯಾಂಡ್ ಮೇಲೆ ಎಡಕ್ಕೆ ವಾಲಿದ್ದರೆ ಉಳಿದ ಆಯಿಲ್ ಮೈಮೇಲೆ ಬರೋದಿಲ್ಲ. ಕೇಬಲ್ ಸಡಿಲಿಸಿ, ಕಿಕ್ಕರ್ ಇದ್ದರೆ ತೆಗೆಯಿರಿ.

ಕವರ್ ಬೋಲ್ಟುಗಳ ಉದ್ದ ಒಂದೇ ಇರೋದಿಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಮಾಡಿ, ತೆಗೆದ ಬೋಲ್ಟನ್ನು ಅದರದೇ ಜಾಗದಲ್ಲಿ ಚುಚ್ಚಿಡಿ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿ ಬಿಗಿದರೆ ಇಂಜಿನ್ ಕೇಸೇ ಸೀಳಬಹುದು. ಕವರ್ ಬರದಿದ್ದರೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಪ್ಲಾಸ್ಟಿಕ್ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ. ತೆಗೆಯುವಾಗ ಡೋವೆಲ್ ಪಿನ್ (ಕವರನ್ನು ಸರಿಯಾದ ಜಾಗಕ್ಕೆ ಕೂರಿಸುವ ಪಿನ್), ಆಯಿಲ್ ದಾರಿಯ ಸಣ್ಣ ಓ-ರಿಂಗ್ (ರಬ್ಬರ್ ಬಳೆ) ಎಲ್ಲಿತ್ತು ಅಂತ ಫೋಟೋ ತೆಗೆದುಕೊಳ್ಳಿ. ಕೆಲವು ಇಂಜಿನ್‌ಗಳಲ್ಲಿ ಕ್ರ್ಯಾಂಕಿಗೆ ಆಯಿಲ್ ಹೋಗುವ ದಾರಿ ಈ ಕವರಿನಲ್ಲೇ ಇದೆ, ಆ ಓ-ರಿಂಗ್ ಬಿಟ್ಟುಹೋದರೆ ಇಂಜಿನ್‌ಗೇ ಅಪಾಯ.

ಸ್ಪ್ರಿಂಗ್ ಬೋಲ್ಟುಗಳನ್ನು ಎದುರುಬದುರಾಗಿ, ಅರ್ಧ ಅರ್ಧ ಸುತ್ತು ಬಿಚ್ಚಿ. ಪ್ಲೇಟುಗಳನ್ನು ಬರುವ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಎಲ್ಲ ಫ್ರಿಕ್ಷನ್ ಪ್ಲೇಟೂ ಒಂದೇ ಥರ ಇರುತ್ತವೆ ಅಂತ ಅಂದುಕೊಳ್ಳಬೇಡಿ. ಕೆಲವು ಬೈಕುಗಳಲ್ಲಿ ಒಂದರ ಒಳಬಾಯಿ ಅಗಲ ಇದ್ದು ಅದರೊಳಗೆ ಕ್ಲಚ್ ಬಿಡುವಾಗ ನಡುಕ ತಡೆಯುವ ತೆಳ್ಳನೆಯ ಜಡರ್ ಸ್ಪ್ರಿಂಗ್ ಕೂತಿರುತ್ತದೆ, ಕೆಲವದರಲ್ಲಿ ಕೊನೆಯ ಪ್ಲೇಟಿನ ಕಿವಿ ಪಕ್ಕದ ಗಿಡ್ಡ ಸೀಳಿನಲ್ಲಿ ಕೂರಬೇಕು.

ಅಳತೆ

ಫ್ರಿಕ್ಷನ್ ಪ್ಲೇಟಿನ ದಪ್ಪವನ್ನು ವರ್ನಿಯರ್‌ನಲ್ಲಿ ಮೂರು ನಾಲ್ಕು ಕಡೆ ನೋಡಿ, ಸ್ಪ್ರಿಂಗ್‌ನ ಅದುಮದೆ ಬಿಟ್ಟಾಗಿನ ಉದ್ದವನ್ನೂ ನೋಡಿ, ಎರಡನ್ನೂ ಸರ್ವಿಸ್ ಮ್ಯಾನುಯಲ್‌ನ ಮಿತಿಗೆ ಹೋಲಿಸಿ. ಸ್ಟೀಲ್ ಪ್ಲೇಟನ್ನು ದಪ್ಪ ಗಾಜಿನ ಮೇಲಿಟ್ಟು ಅಂಚಿನ ಕೆಳಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆಗಳ ಕಟ್ಟು) ತೂರಿಸಿ: 0.2 ಮಿ.ಮೀ. ಎಲೆ ಸಲೀಸಾಗಿ ಹೋದರೆ ಅದು ಬಗ್ಗಿದೆ ಅಂತಲೇ ಬಹಳಷ್ಟು ಕಡೆ ಲೆಕ್ಕ. ನೀಲಿ ಬಣ್ಣಕ್ಕೆ ತಿರುಗಿದ್ದರೆ ಚೆನ್ನಾಗಿ ಕಾದಿದೆ, ಉಳಿಸಿಕೊಳ್ಳಬೇಡಿ. ಬಾಸ್ಕೆಟ್ ಸೀಳಿನ ಗೋಡೆಯ ಮೇಲೆ ಉಗುರು ಆಡಿಸಿ. ಪ್ಲೇಟಿನ ಕಿವಿ ಬಡಿದು ಬಡಿದು ಮೆಟ್ಟಿಲಿನಂತೆ ಗುರುತು ಬಿದ್ದಿರುತ್ತದೆ. ಉಗುರು ಸ್ವಲ್ಪ ತಡೆದರೆ ಅರದಲ್ಲಿ ನಯ ಮಾಡಬಹುದು, ಆಳವಾಗಿದ್ದರೆ ಬಾಸ್ಕೆಟ್ಟೇ ಬದಲಾಗಬೇಕು.

ಫ್ರಿಕ್ಷನ್ ಪ್ಲೇಟ್ ಹಾಕುವಾಗ ಸ್ಪ್ರಿಂಗ್ ಸೆಟ್ಟನ್ನೂ ಹೊಸದೇ ಹಾಕಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮೇಲಿನ ಲೆಕ್ಕ ನೋಡಿದ ಮೇಲೆ ಹಳೇ ಸ್ಪ್ರಿಂಗ್ ಉಳಿಸೋದರಲ್ಲಿ ಅರ್ಥ ಇಲ್ಲ, ಅಲ್ವಾ?

ಕಟ್ಟುವುದು

ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಇಂಜಿನ್‌ಗೆ ಹಾಕುವ ಅದೇ ಆಯಿಲ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ. ಒಣಗಿದ್ದನ್ನೇ ಹಾಕಿದರೆ ಮೊದಲ ಸ್ಟಾರ್ಟ್‌ನಲ್ಲೇ ಸುಟ್ಟುಕೊಳ್ಳಬಹುದು. ಕವರಿನ ಹಳೇ ಪ್ಯಾಕಿಂಗ್ (ಗ್ಯಾಸ್ಕೆಟ್) ಕೆರೆಯುವಾಗ ಒಳಗಡೆ ಬಟ್ಟೆ ತುಂಬಿ, ಚೂರು ಬೀಳಬಾರದು. ಅಲ್ಯೂಮಿನಿಯಂ ಮೇಲೆ ಗೀರು ಬಿದ್ದರೆ ಅಲ್ಲೇ ಆಯಿಲ್ ಸೋರುತ್ತದೆ.

ಪ್ಲೇಟು ಜೋಡಿಸಿದ ಮೇಲೆ ಪ್ರೆಷರ್ ಪ್ಲೇಟ್ ಇಡುವ ಹಂತದಲ್ಲಿ ನಿಧಾನ ಮಾಡಿ, ಜಾಸ್ತಿ ಎಡವಟ್ಟು ಆಗೋದು ಇಲ್ಲೇ. ಅದರ ಹಲ್ಲುಗಳು ಹಬ್‌ನ ಹಲ್ಲುಗಳ ಒಳಗೆ ಸರಿಯಾಗಿ ಇಳಿಯಬೇಕು. ಒಂದು ಹಲ್ಲು ಆಚೀಚೆ ಆದರೂ ಅದು ಹಬ್ ಮೇಲೇ ಕೂತುಬಿಡುತ್ತದೆ, ನೋಡೋಕೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ, ಬೋಲ್ಟೂ ಬಿಗಿಯಾಗುತ್ತದೆ, ಆದರೆ ಪ್ಲೇಟುಗಳ ಮೇಲೆ ಒತ್ತಡವೇ ಇರೋದಿಲ್ಲ. ಸ್ಪ್ರಿಂಗ್ ಹಾಕುವ ಮುಂಚೆ ಪ್ರೆಷರ್ ಪ್ಲೇಟನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಫ್ರಿಕ್ಷನ್ ಪ್ಲೇಟಿನ ಕಿವಿಗಳನ್ನು ಅಲ್ಲಾಡಿಸಿ ನೋಡಿ. ಸಡಿಲವಾಗಿ ಆಡಿದರೆ ಪ್ರೆಷರ್ ಪ್ಲೇಟ್ ಕೂತಿಲ್ಲ, ಎತ್ತಿ ಸ್ವಲ್ಪ ತಿರುಗಿಸಿ ಮತ್ತೆ ಇಡಿ.

ಸ್ಪ್ರಿಂಗ್ ಬೋಲ್ಟುಗಳನ್ನೂ ಎದುರುಬದುರಾಗಿ ಬಿಗಿಯಿರಿ. 6 ಮಿ.ಮೀ. ಥ್ರೆಡ್ಡಿನ ಬೋಲ್ಟುಗಳಿಗೆ 8ರಿಂದ 12 ನ್ಯೂಟನ್ ಮೀಟರ್ ಸಾಮಾನ್ಯ, ನಿಮ್ಮ ಬೈಕಿನ ಅಂಕಿ ಮ್ಯಾನುಯಲ್‌ನಲ್ಲಿ ನೋಡಿ. ಇದು ಕಡಿಮೆ ಬಿಗಿ, ಟಾರ್ಕ್ ರೆಂಚ್ (ಬಿಗಿ ಅಳೆಯುವ ಸ್ಪ್ಯಾನರ್) ಇಲ್ಲದೆ ಕೈ ಅಳತೆಯಲ್ಲಿ ಹೋದರೆ ಹಬ್‌ನ ಅಲ್ಯೂಮಿನಿಯಂ ಕಂಬ ಮುರಿಯಬಹುದು.

ಕವರ್ ವಾಪಸ್ ಕೂರಿಸಿ. ಈಗ ಕಟ್ಟಿನ ದಪ್ಪ ಬದಲಾಗಿದೆ, ಹಾಗಾಗಿ ಹಳೇ ಕೇಬಲ್ ಸೆಟ್ಟಿಂಗ್ ನಡೆಯೋದಿಲ್ಲ. ಲಿವರ್ ಹತ್ತಿರದ ಅಡ್ಜಸ್ಟರ್ ಪೂರ್ತಿ ಒಳಗೆ ತಿರುಗಿಸಿ, ಇಂಜಿನ್ ಹತ್ತಿರದ್ದರಲ್ಲಿ ಫ್ರೀ ಪ್ಲೇ ತಂದುಕೊಳ್ಳಿ, ಕೊನೆಗೆ ಲಿವರ್ ಹತ್ತಿರ ಸಣ್ಣದಾಗಿ ಸರಿಮಾಡಿ. ಆಯಿಲ್ ತುಂಬಿ, ಇಂಜಿನ್ ಆಫ್ ಇರುವಾಗಲೇ ಗೇರ್ ಹಾಕಿ ಲಿವರ್ ಹಿಡಿದು ತಳ್ಳಿ ನೋಡಿ, ಬೈಕ್ ಉರುಳಬೇಕು. ಆಯಿಲ್ ತಣ್ಣಗಿದ್ದಾಗ ಸ್ವಲ್ಪ ಹಿಡಿದಂತೆ ಅನಿಸಿದರೆ ಗಾಬರಿ ಬೇಡ. ಮೊದಲ ಕೆಲವು ದಿನ ಜೋರಾಗಿ ರೈಸ್ ಮಾಡಿ ಕ್ಲಚ್ ಬಿಡಬೇಡಿ, ಹೊಸ ಪ್ಲೇಟು ಕೂರುವಾಗ ಫ್ರೀ ಪ್ಲೇ ಮತ್ತೆ ಬದಲಾಗುತ್ತದೆ, ಆಗಾಗ ಲಿವರ್ ಆಡಿಸಿ ನೋಡಿ ಸರಿಮಾಡಿಕೊಳ್ಳಿ.