ದಿನನಿತ್ಯದ ಬಣ್ಣಕ್ಕೆ ಸಿಗದ ಚುಕ್ಕೆಗಳು

ಬಟ್ಟೆಗೆ ಹುಳ ಬೀಳದಂತೆ ಕಪಾಟಿನಲ್ಲಿಡುವ ನ್ಯಾಫ್ತಲೀನ್ ಗುಳಿಗೆ ನುಂಗಿದ ಮಗು ಮೊದಲ ದಿನ ಆಡಿಕೊಂಡೇ ಇರಬಹುದು. ಎರಡೋ ಮೂರೋ ದಿನ ಕಳೆದ ಮೇಲೆ ಮೂತ್ರ ಕಡುಕಂದಾಗುತ್ತದೆ, ಕಣ್ಣು ಹಳದಿಗಟ್ಟುತ್ತದೆ, ಮುಖ ಬಿಳಚಿಕೊಳ್ಳುತ್ತದೆ. ಆಗ ರಕ್ತದ ಟ್ಯೂಬು ಪ್ರಯೋಗಾಲಯ ಸೇರುತ್ತದೆ. ಜೊತೆಗಿನ ಚೀಟಿಯಲ್ಲಿ ಬರೆದಿರುವುದು ಒಂದೇ ಪದ, ‘ರಕ್ತಹೀನತೆ’. ಗುಳಿಗೆಯ ಸುದ್ದಿಯೇ ಇರುವುದಿಲ್ಲ.

ಪೆಥಾಲಜಿಸ್ಟ್ ಆಗಿ ನನ್ನ ತಕರಾರು ಇರುವುದೇ ಇಲ್ಲಿ. ಇಂಥ ವಿಷ ಕೆಂಪು ರಕ್ತಕಣದೊಳಗೆ ಬಿಟ್ಟುಹೋಗುವ ಗುರುತಿಗೆ ಹೈನ್ಸ್ ಕಾಯ ಎಂದು ಹೆಸರು. ಜರ್ಮನ್ ವೈದ್ಯ ರಾಬರ್ಟ್ ಹೈನ್ಸ್ 1890ರಲ್ಲಿ ವಿವರಿಸಿದ್ದು. ನಾವು ದಿನವೂ ಬಳಸುವ ಲೀಶ್ಮನ್ ಬಣ್ಣದಲ್ಲಿ ಅದು ಸುತ್ತಲಿನ ಹೀಮೋಗ್ಲೋಬಿನ್ ಜೊತೆ ಬೆರೆತು ಕಣ್ಣಿಗೆ ಸಿಗುವುದಿಲ್ಲ. ಒಣಗಿಸದ ಹಸಿ ರಕ್ತಕ್ಕೆ ಮೀಥೈಲ್ ವಯೊಲೆಟ್ ಬೆರೆಸಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಕಣದ ಅಂಚಿಗೆ ಅಂಟಿಕೊಂಡ ನೇರಳೆ ಚುಕ್ಕೆಗಳು ಎದ್ದು ಕಾಣುತ್ತವೆ. ನ್ಯೂ ಮೀಥಲೀನ್ ಬ್ಲೂ ಕೂಡ ಆದೀತು, ಆದರೆ ಅದು ಎಳೆಯ ಕಣಗಳೊಳಗಿನ ಆರ್‌ಎನ್‌ಎ ಜಾಲಕ್ಕೂ ಬಣ್ಣ ಹಚ್ಚುವುದರಿಂದ ಹೊಸಬರು ಎಡವುತ್ತಾರೆ. ಈ ಪರೀಕ್ಷೆಯನ್ನು ಯಾರೂ ಕೇಳದೆ ಮಾಡುವುದಿಲ್ಲ. ಕೇಳಬೇಕೆಂದು ಹೊಳೆಯಬೇಕಾದರೆ ಮಗು ಏನು ನುಂಗಿತೆಂದು ಗೊತ್ತಿರಬೇಕು!

ಚುಕ್ಕೆ ಎಂದರೆ ಕೆಟ್ಟುಹೋದ ಹೀಮೋಗ್ಲೋಬಿನ್. ಕುಷ್ಠದ ಮದ್ದು ಡ್ಯಾಪ್ಸೋನ್, ಮಲೇರಿಯಾ ಮದ್ದು ಪ್ರಿಮಾಕ್ವಿನ್, ರಾಸಾಯನಿಕಗಳಾದ ಫಿನೈಲ್‌ಹೈಡ್ರಜೀನ್, ನ್ಯಾಫ್ತಲೀನ್ ಇಂಥವು ಅಥವಾ ದೇಹದಲ್ಲಿ ಇವುಗಳಿಂದ ಹುಟ್ಟುವ ವಸ್ತುಗಳು ಕಣದೊಳಗೆ ಆಕ್ಸಿಡೀಕರಣ ಎಬ್ಬಿಸುತ್ತವೆ. ಅದನ್ನು ತಣಿಸುವ ಕೆಲಸ ಕಣದೊಳಗಿನ ರಕ್ಷಕ ವಸ್ತುವಾದ ಗ್ಲುಟಥಯೋನ್‌ನದು. ಅದು ಮುಗಿದರೆ ಗ್ಲೋಬಿನ್ ಸರಪಣಿ ತನ್ನ ಆಕಾರ ಕಳೆದುಕೊಂಡು, ಹಾಲು ಒಡೆದ ಹಾಗೆ ಗಟ್ಟಿಯಾಗಿ ಪೊರೆಗೆ ಅಂಟಿಕೊಳ್ಳುತ್ತದೆ. ಗುಲ್ಮದ (ಸ್ಪ್ಲೀನ್) ಇಕ್ಕಟ್ಟಿನಲ್ಲಿ ಹಾದುಹೋಗುವಾಗ ಆ ಗಟ್ಟಿ ಭಾಗ ಕಿತ್ತುಹೋಗುತ್ತದೆ. ಉಳಿಯುವುದು ಅಂಚು ಕಚ್ಚಿ ತೆಗೆದಂಥ ಕಣ. ಪುಣ್ಯಕ್ಕೆ ಈ ‘ಕಚ್ಚು ಕಣ’ ಲೀಶ್ಮನ್‌ನಲ್ಲೂ ಕಾಣುತ್ತದೆ. ಚೀಟಿಯಲ್ಲಿ ಏನೂ ಇಲ್ಲದಾಗ ನಾನು ಹುಡುಕುವುದು ಇದನ್ನೇ. ಕಂಡ ಕೂಡಲೇ ವಾರ್ಡಿಗೆ ಫೋನು. ಬೆಕ್ಕುಗಳ ಪಶುವೈದ್ಯರಿಗೆ ಬೇರೆಯೇ ಪೇಚು: ಆರೋಗ್ಯವಂತ ಬೆಕ್ಕಿನಲ್ಲೂ ಕೆಲವು ಹೈನ್ಸ್ ಕಾಯ ಇದ್ದೇ ಇರುತ್ತವೆ.

ಸೀಸದ ಕಥೆ ಬೇರೆ. ಅದು ಆರ್‌ಎನ್‌ಎ ಚೂರುಗಳನ್ನು ವಿಲೇವಾರಿ ಮಾಡುವ ಕಿಣ್ವವನ್ನು ತಡೆಯುತ್ತದೆ. ಪ್ರೋಟೀನ್ ಕಟ್ಟುವ ರೈಬೋಸೋಮುಗಳ ಉಳಿಕೆ ಕಣದ ತುಂಬ ನೀಲಿ ಪುಡಿ ಉದುರಿಸಿದಂತೆ ಕಾಣುತ್ತದೆ, ಅದೂ ದಿನನಿತ್ಯದ ಬಣ್ಣದಲ್ಲೇ. ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತಹೀನತೆಯಲ್ಲೂ ಇದು ಕಾಣುವುದರಿಂದ ನಾನು ಇದೊಂದನ್ನೇ ನಂಬಿ ಸೀಸ ಎಂದು ಬರೆಯುವುದಿಲ್ಲ. ರಕ್ತದಲ್ಲಿನ ಸೀಸವನ್ನೇ ಅಳೆಯಬೇಕು.

ಹೈನ್ಸ್ ಕಾಯ ಕಂಡಾಗ ಮುಂದಿನ ಪ್ರಶ್ನೆ, ಗ್ಲುಟಥಯೋನ್ ಮುಗಿಯದಂತೆ ಕಾಯುವ ಜಿ6ಪಿಡಿ ಕಿಣ್ವದ್ದು. ಪ್ರಿಮಾಕ್ವಿನ್ ಕೆಲವರ ರಕ್ತವನ್ನು ಮಾತ್ರ ಏಕೆ ಒಡೆಯುತ್ತದೆಂದು ಹುಡುಕುತ್ತಲೇ 1956ರಲ್ಲಿ ಈ ಕೊರತೆ ಪತ್ತೆಯಾದದ್ದು. ಕೊರತೆ ಇದ್ದವರಿಗೆ ಮೆಥೆಮೋಗ್ಲೋಬಿನ್ (ಆಮ್ಲಜನಕ ಹೊರಲಾಗದ ಹೀಮೋಗ್ಲೋಬಿನ್) ಇಳಿಸಲು ಕೊಡುವ ಮೀಥಲೀನ್ ಬ್ಲೂ ಚುಚ್ಚುಮದ್ದೇ ರಕ್ತ ಒಡೆಯಬಲ್ಲದು. ಹಾಗಾಗಿ ಕಿಣ್ವದ ಫಲಿತಾಂಶಕ್ಕಾಗಿ ಎಲ್ಲರೂ ಕಾಯುತ್ತಿರುತ್ತಾರೆ. ಆದರೆ ಆ ವಾರ ಬರುವ ‘ಸಹಜ’ ಎಂಬ ವರದಿಗೆ ಬೆಲೆ ಕಡಿಮೆ. ಕಿಣ್ವ ಕಡಿಮೆಯಿದ್ದ ಹಳೆಯ ಕಣಗಳು ಆಗಲೇ ಒಡೆದುಹೋಗಿರುತ್ತವೆ. ಟ್ಯೂಬಿನಲ್ಲಿ ಬರುವುದು ಕಿಣ್ವ ಹೆಚ್ಚಿರುವ ಎಳೆಯ ಕಣಗಳು. ಅಂಥ ವರದಿಯ ಕೆಳಗೆ ನಾನು ಒಂದು ಸಾಲು ಸೇರಿಸುತ್ತೇನೆ: ಮೂರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷಿಸಿ.